ಬೈರಪ್ಪನ ಹೋಟೆಲಿನ ಸಾರು

ಗಂಗಹನುಮಯ್ಯನವರನ್ನು ನಾನು ಮೊದಲು ಕಂಡದ್ದು ರಾಮನಗರದ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆ ಅವರದು. ಪರಿಚಯವಿಲ್ಲ, ನಮಸ್ಕಾರವಿಲ್ಲ. ಸಾರು ಬಡಿಸಿ ಮುಂದೆ ಹೋದವನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿ, ಎರಡು ಬೆರಳಿನಿಂದ ಸಾರನ್ನು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, ರೋಗಿಯ ಕೈ ನೋಡಿ ಮುಗಿಸಿದ ವೈದ್ಯರಂತೆ ನನ್ನ ಕಡೆ ತಿರುಗಿ, "ತಪ್ಪೇನಿಲ್ಲ. ಆದರೆ ಬೈರಪ್ಪನ ಸಾರಲ್ಲ" ಎಂದರು. ಬೈರಪ್ಪ ಯಾರೆಂದು ನಾನು ಕೇಳಬಾರದಿತ್ತು, ಕೇಳಿದೆ. ಮಜ್ಜಿಗೆ ಬರುವ ತನಕ ಹೇಳಿದರು. ಅವರ ಆಚೆಯ ಎಲೆಯಲ್ಲಿ ಹೆಂಡತಿ ದೊಡ್ಡಲಕ್ಷ್ಮಮ್ಮನವರು ತಲೆ ಎತ್ತದೆ ಉಣ್ಣುತ್ತಿದ್ದರು. ಆ ಕಥೆಯನ್ನು ಅವರು ಮೊದಲೂ ಕೇಳಿದ್ದ ಹಾಗೆ ಕಂಡಿತು.

ಕೇಳದೆ ಏನು? ಮೂವತ್ತು ವರ್ಷಗಳಿಂದ ಆ ಮನೆಯಲ್ಲಿ ಸಾರು ಒಲೆಯಿಂದ ಇಳಿಯುತ್ತಿದ್ದದ್ದೇ ಬೈರಪ್ಪನ ಎದುರು ಸೋಲುವುದಕ್ಕೆ. ಗಂಗಹನುಮಯ್ಯನವರು ಸರ್ವೆ ಇಲಾಖೆಯಲ್ಲಿದ್ದವರು. ರಾಮನಗರದಲ್ಲಿ ಮನೆ, ಮಾಗಡಿ ತಾಲ್ಲೂಕಿನಲ್ಲಿ ಕೆಲಸ. ಹೀಗೆ ಹನ್ನೊಂದು ವರ್ಷ ಬೆಳಗಿನ ಬಸ್ಸು ಹತ್ತಿದರು. ಅಳತೆ ಸರಪಳಿ ಹಿಡಿದು ಬಿಸಿಲಿನಲ್ಲಿ ಅಲೆದು, ಮಧ್ಯಾಹ್ನದ ಹೊತ್ತಿಗೆ ಗುಡೇಮಾರನಹಳ್ಳಿಯ ಕಡೆ ಹೋಗುವ ದಾರಿಯಲ್ಲಿದ್ದ ಬೈರಪ್ಪನ ತಗಡಿನ ಹೋಟೆಲು ಸೇರುವುದು ಅವರ ವಾಡಿಕೆ. ಅಲ್ಲಿ ಮುದ್ದೆಯ ಜೊತೆಗೆ ಹುರುಳಿಕಾಳಿನ ಬಸ್ಸಾರು. (ಕಾಳು ಬೇಯಿಸಿ ಬಸಿದ ಕಟ್ಟಿಗೆ ಖಾರ ಅರೆದು ಹಾಕಿದರೆ ಬಸ್ಸಾರು. ಈ ವಿವರಣೆ ಬಯಲುಸೀಮೆಯವರಿಗೆ ಬೇಕಿಲ್ಲ. ಬೇರೆ ಕಡೆಯವರು ಓದಿಯಾರು ಎಂದು ಬರೆದೆ.)

ಹೆಂಡತಿ ದಿನವೂ ನಾಲ್ಕು ಡಬ್ಬಿಯ ಕ್ಯಾರಿಯರ್ ಕಟ್ಟಿ ಕೊಡುತ್ತಿದ್ದರು. ಅದನ್ನೂ ಉಂಡು, ರುಚಿಗೆಂದು ಬೈರಪ್ಪನಲ್ಲಿ ಒಂದು ಬಟ್ಟಲು ಸಾರು ಕುಡಿಯುತ್ತೇನೆ ಎಂಬುದು ಮನೆಯಲ್ಲಿ ಅವರು ಹೇಳುತ್ತಿದ್ದ ಮಾತು. ರಾತ್ರಿ ಹೆಂಡತಿ ಬಸ್ಸಾರು ಬಡಿಸಿದರೆ ಒಂದು ತುತ್ತು ಮುರಿದು, ಅದ್ದಿ, ನುಂಗಿ, ಸೂರಿನ ಕಡೆ ನೋಡಿ ನಿಟ್ಟುಸಿರು ಬಿಡುವರು. ಅಷ್ಟೇ. ಬೈಯುವ ಸ್ವಭಾವ ಅವರದಲ್ಲ. ಬೈದಿದ್ದರೆ ಲಕ್ಷ್ಮಮ್ಮನವರಿಗೂ ತಿರುಗಿ ಅನ್ನುವುದಕ್ಕೆ ಒಂದು ದಾರಿಯಿರುತ್ತಿತ್ತು. ನಿಟ್ಟುಸಿರಿಗೆ ಏನೆಂದು ಉತ್ತರ ಕೊಡುವುದು? ಒಮ್ಮೆ ಹೆಂಡತಿ ಕಲಿಯಲಿ ಎಂದು ಆ ಸಾರನ್ನು ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಹಾಕಿಸಿಕೊಂಡೇ ಬಂದಿದ್ದರು. ಆಕೆ ಬೆರಳದ್ದಿ ನೆಕ್ಕಿ, "ಇದೇನು ನಾ ಕಾಣದ್ದಲ್ಲ ಬುಡಿ" ಎಂದು ಒಳಗೆ ಹೋದರು. ಹೊಟ್ಟೆಕಿಚ್ಚು ಎಂದು ಗಂಗಹನುಮಯ್ಯನವರು ಕ್ಷಮಿಸಿದರು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಕನಕಪುರದ ಬ್ಯಾಂಕಿನಲ್ಲಿರುವ ಮಗ ನರೇಂದ್ರ ಹಳೆಯ ಕಾರೊಂದನ್ನು ಕೊಂಡು, ದಸರೆ ರಜೆಯಲ್ಲಿ ಹೆಂಡತಿ ಮಮತಾ ಮತ್ತು ಎಂಟು ವರ್ಷದ ಮಗಳು ನಯನಾಳನ್ನು ಕೂರಿಸಿಕೊಂಡು ಮನೆಗೆ ಬಂದ. ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗಿಬರೋಣ ಎಂದ. ಸಾವನದುರ್ಗದ ನರಸಿಂಹಸ್ವಾಮಿಗೆ ಒಂದು ಪೂಜೆ ಬಾಕಿಯಿದೆ ಎಂದರು ಲಕ್ಷ್ಮಮ್ಮನವರು. ಆಗ ಗಂಗಹನುಮಯ್ಯನವರಿಗೆ ಒಂದು ಘನವಾದ ಯೋಚನೆ ಹೊಳೆಯಿತು. ಈ ಸಲ ಬುತ್ತಿ ಕಟ್ಟಬಾರದು. ಚಿತ್ರಾನ್ನವಿಲ್ಲ, ಮೊಸರನ್ನವಿಲ್ಲ, ಡಬ್ಬಿಯ ಸದ್ದೇ ಕೂಡದು. ತಾನು ಅಳೆದ ತಾಲ್ಲೂಕುಗಳ ಹೋಟೆಲುಗಳಲ್ಲೇ ಉಣ್ಣಬೇಕು. ತಿಂಡಿ ಚನ್ನಪಟ್ಟಣದಲ್ಲಿ, ಊಟ ಬೈರಪ್ಪನಲ್ಲಿ.

ಅತ್ತೆ ಈಗ ಸಿಡಿಯುತ್ತಾರೆ ಎಂದು ಮಮತಾ ಸೊಪ್ಪು ಸೋಸುವುದನ್ನು ನಿಲ್ಲಿಸಿ ಕಾದಳು. ಅವರು ಸಿಡಿಯಲಿಲ್ಲ. ಸೌಟನ್ನು ತೊಳೆದು ನೀರು ಕೊಡವಿ, ಮೊಮ್ಮಗಳನ್ನು ಸಾಕ್ಷಿಗೆ ಕರೆದು, ನಿಧಾನವಾಗಿ ಹೇಳಿದರು: "ನಂದೇನೂ ಅಡ್ಡಿ ಇಲ್ಲ. ಬೈರಪ್ಪನ ಸಾರು ನನ್ನ ಸಾರಿಗಿಂತ ಚೆಂದಾಗಿದ್ರೆ ನಾಳೆಯಿಂದ ನಾನು ಈ ಸೌಟು ಮುಟ್ಟಲ್ಲ, ದಿನಾ ಅಲ್ಲಿಂದಲೇ ತಂದುಣ್ಣಿ. ಚೆಂದಾಗಿಲ್ದಿದ್ರೆ ಈ ಮನೇಲಿ ಇನ್ಯಾವತ್ತೂ ಆ ಹೆಸರು ಎತ್ತಂಗಿಲ್ಲ. ನಿಟ್ಟುಸ್ರೂ ಬುಡಂಗಿಲ್ಲ. ಒಪ್ತೀರಾ?"

ಗಂಗಹನುಮಯ್ಯನವರು ನಕ್ಕು ಒಪ್ಪಿದರು. ಮೂವತ್ತು ವರ್ಷದ ನಂಬಿಕೆಯನ್ನು ಒಂದು ಬಟ್ಟಲಲ್ಲಿ ಇಟ್ಟೆನೆಂಬ ಅಳುಕು ಆಗ ಅವರಿಗೆ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಕಾರು ಹೊರಟಿತು. ಮಾಗಡಿಯಿರುವುದು ರಾಮನಗರಕ್ಕೆ ಉತ್ತರದಲ್ಲಿ, ಚನ್ನಪಟ್ಟಣ ನೈಋತ್ಯದಲ್ಲಿ. ಊರವರ ಗಡಿಯನ್ನೆಲ್ಲ ಅಳೆದು ಕಲ್ಲು ನೆಡಿಸಿದ ಮನುಷ್ಯ ಒಂದು ದೋಸೆಗಾಗಿ ತಿರುಗುಮುರುಗು ದಾರಿ ಹಿಡಿಸಿದ್ದನ್ನು ಮಗ ಎತ್ತಿ ಆಡಲಿಲ್ಲ. ಆದರೆ ಚನ್ನಪಟ್ಟಣದಲ್ಲಿ ಅವರು ಹೇಳಿದ ಹೋಟೆಲಿನ ಜಾಗದಲ್ಲಿ ಗೊಂಬೆ ಅಂಗಡಿಯಿತ್ತು. ಅಂಗಡಿಯ ತಾಜ್ ಪಾಷಾ ಒಳ್ಳೆಯ ಮನುಷ್ಯ. ಇಲ್ಲಿ ದೋಸೆ ನಿಂತು ಹದಿನೆಂಟು ವರ್ಷವಾಯಿತು ಎಂದು ಮೆತ್ತಗೆ ತಿಳಿಸಿದರು.

"ಓಹೋ. ಹಂಗಾದ್ರೆ ಇವತ್ತು ಸಿಗಲ್ಲ" ಎಂದರು ಗಂಗಹನುಮಯ್ಯನವರು.

ತಾಜ್ ಪಾಷಾ ಸಮಾಧಾನಕ್ಕೆಂದು ನಯನಾಳ ಕೈಗೆ ಒಂದು ಮರದ ಬುಗುರಿ ಕೊಟ್ಟು, ನಾಲ್ಕು ಅಂಗಡಿ ಆಚೆಯ ಹೋಟೆಲು ತೋರಿಸಿದರು. ಅಲ್ಲಿಯ ಇಡ್ಲಿ ಹೂವಿನಂತಿತ್ತು. ಚಟ್ನಿಯನ್ನು ಮಮತಾ ಎರಡು ಸಲ ಹಾಕಿಸಿಕೊಂಡಳು. ಗಂಗಹನುಮಯ್ಯನವರು ಆರು ಇಡ್ಲಿ ತಿಂದು, ಪರವಾಗಿಲ್ಲ ಎಂದರು. ತಿರುಗಿ ಬರುವಾಗ ಕಾರು ಅವರ ಬೀದಿಯ ತುದಿಯಲ್ಲೇ ಹಾದುಹೋಯಿತು. ಲಕ್ಷ್ಮಮ್ಮನವರು ಕಿಟಕಿಯಿಂದ ತಮ್ಮ ಮನೆಯ ಬಾಗಿಲಿನ ಬೀಗವನ್ನು ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು.

ಮಾಗಡಿ ರಸ್ತೆಗೆ ಬಿದ್ದ ಮೇಲೆ ತಿರುವಿಗೊಮ್ಮೆ ಡಿಕ್ಕಿಯಲ್ಲಿ ಕಟಕಟ ಎಂದು ಸದ್ದಾಗತೊಡಗಿತು. ಹಳೆ ಕಾರು ಕೊಳ್ಳುವಾಗ ಹಿರಿಯರನ್ನು ಕೇಳಬೇಕಿತ್ತೆಂದೂ, ಹಿಂದಿನ ಚಕ್ರದ ಮೇಲಿನದು ಯಾವುದೋ ಸಡಿಲವಾಗಿದೆಯೆಂದೂ ಗಂಗಹನುಮಯ್ಯನವರು ಮಗನಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳಿದರು. ನರೇಂದ್ರ ಕನ್ನಡಿಯಲ್ಲಿ ತಾಯಿಯನ್ನೊಮ್ಮೆ ನೋಡಿ, ರಸ್ತೆ ಸರಿಯಿಲ್ಲ ಅಪ್ಪ ಎಂದ. ರಸ್ತೆ ಚೆನ್ನಾಗಿಯೇ ಇತ್ತು.

ಸಾವನದುರ್ಗದಲ್ಲಿ ಪೂಜೆ ಮುಗಿಯುವಾಗ ಗಂಟೆ ಒಂದೂವರೆ. ಪ್ರಸಾದದ ಪುಳಿಯೋಗರೆ ಅಂಗೈಯ ರೇಖೆಗಳನ್ನು ಮುಚ್ಚುವಷ್ಟೂ ಇರಲಿಲ್ಲ. ದೇವಸ್ಥಾನದಿಂದ ಸ್ವಲ್ಪ ದೂರದ ಹೋಟೆಲೊಂದರಲ್ಲಿ ಹೆಸರುಬೇಳೆಗೆ ಒಗ್ಗರಣೆ ಬಿದ್ದ ವಾಸನೆ ರಸ್ತೆಗೆ ಬಂದಿತ್ತು. ನಯನಾ ಅಲ್ಲಿಯೇ ನಿಂತುಬಿಟ್ಟಳು. ತಾತ ಅವಳನ್ನು ಎತ್ತಿಕೊಂಡು ಕಾರಿನಲ್ಲಿ ಕೂರಿಸಿದರು. ನಮ್ಮ ತವರು ಮರಳವಾಡಿಗೆ ಹೋಗಿದ್ದರೆ ಅಮ್ಮ ಇಷ್ಟು ಹೊತ್ತಿಗೆ ನಾಟಿ ಕೋಳಿ ಸಾರೇ ಮಾಡಿರುತ್ತಿದ್ದಳು ಎಂದು ಮಮತಾ ಮೆಲ್ಲಗೆ ನೆನಪಿಸಿದಳು. ಅದು ನೆಂಟಸ್ತಿಕೆ, ಹೋಟೆಲಲ್ಲ ಎಂದು ಮಾವ ಆ ವಿಷಯವನ್ನು ಮುಗಿಸಿದರು.

ಬೈರಪ್ಪನ ಹೋಟೆಲು ಇತ್ತು. ಅಷ್ಟು ಹೊತ್ತು ಅದು ಇರುತ್ತದೋ ಇಲ್ಲವೋ ಎಂದು ಒಳಗೊಳಗೇ ಬೆವರುತ್ತಿದ್ದ ಗಂಗಹನುಮಯ್ಯನವರ ಮುಖ ಬೋರ್ಡು ಕಂಡಾಕ್ಷಣ ಅರಳಿತು. ತಗಡು ಹೋಗಿ ತಾರಸಿ ಬಂದಿತ್ತು, ಬೆಂಚು ಹೋಗಿ ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಬಳಿ ಟವೆಲು ಹೊದ್ದು ಕುಳಿತಿದ್ದ ಎಂಬತ್ತರ ಬೈರಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಸರ್ವೆ ಸಾಮಿಗಳಲ್ವರಾ?" ಎಂದು ಎದ್ದು ನಿಂತರು. ಹೆಂಡತಿ, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಈ ಗೌರವವನ್ನು ನೋಡಿದರೆಂದು ಖಚಿತ ಮಾಡಿಕೊಂಡು ಗಂಗಹನುಮಯ್ಯನವರು ಒಳಗೆ ಹೋಗಿ ಕುಳಿತರು.

ಅಡುಗೆ ಈಗ ಬೈರಪ್ಪನ ಸೊಸೆ ಹನುಮಂತಮ್ಮನದು. ಬಿಸಿ ಮುದ್ದೆ ಬಂತು, ಬಸ್ಸಾರು ಬಂತು. ಎಲ್ಲರೂ ತುತ್ತು ಮುರಿದು ಅದ್ದಿದರು. ಸಾರಿನ ಬಗ್ಗೆ ಕೆಟ್ಟದ್ದೇನೂ ಹೇಳುವ ಹಾಗಿರಲಿಲ್ಲ. ಬಿಸಿಯಾಗಿತ್ತು, ಕೆಂಪಗಿತ್ತು, ಉಪ್ಪಿತ್ತು.

"ತಾತ, ಇದಾ?" ಎಂದಳು ನಯನಾ.

ಲಕ್ಷ್ಮಮ್ಮನವರು ಸೂರಿನ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟರು.

ಇಲ್ಲಿಗೆ ಸುಮ್ಮನಾಗಿದ್ದರೆ ಗಂಗಹನುಮಯ್ಯನವರು ಪಂದ್ಯವನ್ನಷ್ಟೇ ಸೋತು ಎದ್ದು ಬರಬಹುದಿತ್ತು. ಸರ್ವೆಯವರ ಅಭ್ಯಾಸ, ಗಡಿ ತಕರಾರಾದರೆ ಊರಿನ ಹಿರಿಯರನ್ನು ಕರೆದು ಹೇಳಿಕೆ ಪಡೆಯುವುದು. ಇದು ಸೊಸೆಯ ಕೈ, ಮಾವನ ಕೈಯಲ್ಲ ಎಂದು ವಾದ ಹೂಡಿ, ಬೈರಪ್ಪನನ್ನು ತಾವೇ ಕೂಗಿ ಕರೆದರು.

"ಬೈರಪ್ಪ, ಬನ್ನಿ ಇಲ್ಲಿ. ಆಗಿನ ಸಾರು ಏನು, ಇದೇನು. ನಮ್ಮನೆಯೋರು ನಂಬಲ್ಲ. ಆಗ ನೀವು ಅದನ್ನ ಹೆಂಗೆ ಮಾಡ್ತಿದ್ರಿ ಅಂತ ನಿಮ್ಮ ಬಾಯಲ್ಲೇ ಒಂದ್ಸಲ ಹೇಳ್ಬುಡಿ."

ಬೈರಪ್ಪ ಟವೆಲು ಸರಿಮಾಡಿಕೊಂಡು, "ನಾನೆಲ್ಲಿ ಮಾಡ್ತಿದ್ದೆ ಸಾಮಿ?" ಎಂದರು. "ಕ್ಯಾರಿಯರ್‌ನಲ್ಲಿ ನೀವೇ ತತ್ತಿದ್ರಲ್ಲ."

ಬೈರಪ್ಪ ಮುಚ್ಚುಮರೆಯಿಲ್ಲದ ಮನುಷ್ಯ. ಕೇಳಿದ್ದಕ್ಕೆ ಪೂರ್ತಿ ಹೇಳಿದರು. ಆಗ ಅದು ಕಾಫಿ, ಬೋಂಡಾ, ಮುದ್ದೆಯ ಹೋಟೆಲು. ಸಾಮಿಗಳು ಬಂದ ಮೊದಲ ದಿನ ಅಲ್ಲಿಯ ಸಾರನ್ನು ನೀರೆಂದು ಪಕ್ಕಕ್ಕೆ ತಳ್ಳಿದರು. ನಾಲ್ಕು ಜನರ ಮುಂದೆ ಮನೆಯ ಡಬ್ಬಿ ಬಿಚ್ಚಿ ಉಣ್ಣುವುದು ಅಧಿಕಾರಿಗೆ ಶೋಭೆಯಲ್ಲವೆಂದು, ಯಾರಾದರೂ ಇಲ್ಲದವರಿಗೆ ಕೊಡು ಎಂದು ಕ್ಯಾರಿಯರನ್ನು ಬೈರಪ್ಪನ ಕೈಗಿತ್ತರು. ಬೈರಪ್ಪ ತೆಗೆದು ನೋಡಿದರು. ಹಿಂದಿನ ರಾತ್ರಿಯ ಬಸ್ಸಾರು. ಬಸ್ಸಾರಿನ ರುಚಿ ಬಲಿಯುವುದು ಮಾರನೆಯ ದಿನವೇ. ಇಂಥದ್ದನ್ನು ಕೊಟ್ಟುಬಿಟ್ಟು ಈತ ಬೇರೆ ಸಾರಿಗಾಗಿ ಎಲ್ಲಿ ಹುಡುಕುತ್ತಾನೆ ಅನ್ನಿಸಿತು. ಎರಡನೆಯ ದಿನ ಮತ್ತೆ ಕೈಗೆ ಬಂದ ಡಬ್ಬಿಯ ಸಾರನ್ನೇ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟು, ಮುದ್ದೆಯ ಪಕ್ಕ ಇಟ್ಟರು. ಸಾಮಿಗಳು ಬಟ್ಟಲು ಬಳಿದರು. ಅಲ್ಲಿಂದ ಅದೇ ರೂಢಿಯಾಯಿತು. ಅನ್ನ ಪಲ್ಯ ಮಾತ್ರ ಇಲ್ಲದವರಿಗೆ ಹೋಗುತ್ತಿತ್ತು. ಸಾರಿನಲ್ಲಿ ಉಳಿದದ್ದನ್ನು ತಾನೂ ಒಸಿ ಉಣ್ಣುತ್ತಿದ್ದೆನೆಂದು ಬೈರಪ್ಪ ಒಪ್ಪಿಕೊಂಡರು.

"ನಿಮ್ಗೆ ಗೊತ್ತಿರ್‍ಲಿಲ್ವಾ ಸಾಮಿ?" ಎಂದು ಕೊನೆಗೆ ಕೇಳಿದರು.

ಸಾಮಿಗಳು ಮುದ್ದೆಯನ್ನು ನೋಡುತ್ತಿದ್ದರು. ರಾತ್ರಿ ನಿಟ್ಟುಸಿರು ಬಿಟ್ಟು ಉಂಡ ಸಾರನ್ನೇ ಮರುದಿನ ಮಧ್ಯಾಹ್ನ ಬೆರಳು ನೆಕ್ಕಿ ಉಂಡು, ಸಂಜೆ ಬಂದು ಹೊಗಳಿ, ರಾತ್ರಿ ಮತ್ತೆ ನಿಟ್ಟುಸಿರು ಬಿಟ್ಟ ಹನ್ನೊಂದು ವರ್ಷಗಳು ಅವರ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಹೆಂಡತಿ ಕಲಿಯಲೆಂದು ಡಬ್ಬಿಯಲ್ಲಿ ಹೊತ್ತು ತಂದದ್ದೂ ನೆನಪಾಯಿತು.

ನರೇಂದ್ರ ಕೆಮ್ಮಿದ. ಮಮತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೈ ತೊಳೆಯಲು ಹೊರಗೆ ಹೋದಳು. ಅವಳ ಊಟ ಇನ್ನೂ ಮುಗಿದಿರಲಿಲ್ಲ.

"ಕ್ಯಾರಿಯರ್ ದಿನಾ ತೊಳ್ಕೊಂಡು ತತ್ತಿದ್ರು ಕಣಣ್ಣ" ಎಂದರು ಲಕ್ಷ್ಮಮ್ಮನವರು ಬೈರಪ್ಪನಿಗೆ. "ಅದ್ಕೇ ನಾನು, ಎಷ್ಟು ಒಳ್ಳೇರು ಅಂದ್ಕಂಡಿದ್ದೆ."

"ತೊಳೀತಿದ್ದೋನು ನಾನು ಕಣವ್ವ" ಎಂದರು ಬೈರಪ್ಪ. "ಸಾಮಿಗಳು ವರ್ಗ ಆಗಿ ಹೋದ್ಮ್ಯಾಗೆ ನಮ್ಮ ಹೋಟ್ಲಲ್ಲಿ ಆ ಸಾರೇ ನಿಂತೋಯ್ತು" ಎಂದು ಸೇರಿಸಿದರು.

ಲಕ್ಷ್ಮಮ್ಮನವರು ಮಗನ ಕಡೆ ನೋಡಿದರು. ನರೇಂದ್ರ ಎದ್ದು ಹೋಗಿ ಡಿಕ್ಕಿ ತೆಗೆದು, ಸ್ಟೆಪ್ನಿ ಚಕ್ರದ ಸಂದಿನಿಂದ ನಾಲ್ಕು ಡಬ್ಬಿಯ ಕ್ಯಾರಿಯರನ್ನು ಹೊರಗೆಳೆದ. ಕಾರಿನ ಸಡಿಲು ಆ ಕ್ಷಣಕ್ಕೆ ಸರಿಹೋಯಿತು. ಹೋಟೆಲುಗಳು ಕೈಕೊಟ್ಟರೆ ಮಗು ಹಸಿದುಕೊಂಡಿರಬಾರದೆಂದು ಅಜ್ಜಿ ಕಟ್ಟಿದ್ದರು. ಕೆಳಗಿನ ಡಬ್ಬಿಯ ತುಂಬ ನಿನ್ನೆ ರಾತ್ರಿಯ ಹುರುಳಿಕಾಳಿನ ಬಸ್ಸಾರು.

ಹನುಮಂತಮ್ಮ ಮಾವ ಹೇಳಿಕೊಟ್ಟ ಹಾಗೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟಳು. ಮೊದಲ ಬಟ್ಟಲು ಬೈರಪ್ಪನಿಗೆ. ಅವರು ಒಂದು ತುತ್ತು ನುಂಗಿ, ಕಣ್ಣು ಮುಚ್ಚಿ, "ಇದೇ ಕಣವ್ವ" ಎಂದರು. ನಯನಾ ಒಂದೂವರೆ ಮುದ್ದೆ ಉಂಡಳು. ಹನುಮಂತಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ, ಖಾರಕ್ಕೆ ಏನೇನು ಹುರಿದಿರಿ ಎಂದು ಕೇಳತೊಡಗಿದಳು. ಗಂಗಹನುಮಯ್ಯನವರ ಮುಂದೆಯೂ ಒಂದು ಬಟ್ಟಲು ಬಂತು. ಅವರು ಅದ್ದಿದರು, ನುಂಗಿದರು. ಅದು ಬೈರಪ್ಪನ ಸಾರೇ ಆಗಿತ್ತು. ಪಂದ್ಯದ ಪ್ರಕಾರ ಆ ಹೆಸರನ್ನು ಎತ್ತುವಂತಿರಲಿಲ್ಲ, ಆದ್ದರಿಂದ ಮೂರು ಮುದ್ದೆ ಉಂಡರು.

ಮನೆಗೆ ಬಂದ ಮೇಲೆ ಜಗಳವೇನೂ ಆಗಲಿಲ್ಲ. ಲಕ್ಷ್ಮಮ್ಮನವರು ತೀರ್ಪನ್ನಷ್ಟೇ ಹೇಳಿದರು.

ಆ ತೀರ್ಪಿನಂತೆ ಈಗ ವಾರಕ್ಕೊಮ್ಮೆ, ಬುಧವಾರ, ಗಂಗಹನುಮಯ್ಯನವರು ಹಿಂದಿನಂತೆಯೇ ಕ್ಯಾರಿಯರ್ ಹಿಡಿದು ಮಾಗಡಿಯ ಬಸ್ಸು ಹತ್ತುತ್ತಾರೆ. ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ತಾವೇ ಡಬ್ಬಿ ಬಿಚ್ಚಿ ಬೈರಪ್ಪನಿಗೆ ಬಡಿಸಬೇಕು. ಅವರು ಉಣ್ಣುವಷ್ಟು ಹೊತ್ತು ಎದುರಿಗೆ ಕುಳಿತು ಹನುಮಂತಮ್ಮನ ಸಾರಿನಲ್ಲಿ ತಾವು ಮುದ್ದೆ ಉಣ್ಣಬೇಕು. ಆಮೇಲೆ ಕ್ಯಾರಿಯರನ್ನು ತಮ್ಮ ಕೈಯಾರೆ ತೊಳೆದು ತರಬೇಕು. ತೊಳೆದದ್ದು ಯಾರೆಂದು ಬೈರಪ್ಪನಿಂದ ಫೋನಿನಲ್ಲಿ ಖಾತ್ರಿಯಾಗುತ್ತದೆ.

ಹೋದ ವಾರ ರಾಮನಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ತೊಡೆಯ ಮೇಲೆ ಕ್ಯಾರಿಯರ್ ಇತ್ತು, ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಹನುಮಂತಮ್ಮನ ಸಾರು ಈಗ ಹೇಗಿದೆ ಎಂದು ಕೇಳಿದೆ.

ಅವರು ಆಚೆ ಈಚೆ ನೋಡಿ, "ಮಾರನೆ ದಿನಕ್ಕೆ ಚೆನ್ನಾಗಿರುತ್ತದೆ ಮೇಷ್ಟ್ರೇ" ಎಂದರು. "ನಾನು ಹೋಗುವುದು ಹಿಂದಿನ ದಿನ."