ಖಾಲಿ ಪಾತ್ರೆ ವಾಪಸ್ ಕೊಡಬಾರದು

ನಾನು ಮನಸ್ಸು ಮಾಡಿದರೆ ಒಂದೇ ಶನಿವಾರದಲ್ಲಿ ಪ್ರಪಂಚವನ್ನೇ ಒಪ್ಪ ಮಾಡಬಲ್ಲೆ. ಮನಸ್ಸು ಮಾಡುವುದಿಲ್ಲ, ಅಷ್ಟೇ. ಅದು ನಾನು ಪ್ರಪಂಚಕ್ಕೆ ತೋರುತ್ತಿರುವ ಔದಾರ್ಯ! ಆದರೆ ಈ ಅಕ್ಟೋಬರಿನಲ್ಲಿ ಯಾಕೋ ಮನಸ್ಸು ಮಾಡಿಬಿಟ್ಟೆ. ಕಾಫಿ ಲೋಟ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಇವತ್ತು ನಮ್ಮ ನೆಲಮಾಳಿಗೆಯನ್ನು ಖಾಲಿ ಮಾಡಿಯೇ ತೀರುತ್ತೇನೆ ಎಂದು ಘೋಷಿಸಿದೆ.

ನನ್ನ ಹೆಂಡತಿ ಲವಾನ್ ಪೇಪರಿನಿಂದ ತಲೆ ಎತ್ತಲಿಲ್ಲ. "ಹೋದ ಸಲ ಖಾಲಿ ಮಾಡ್ತೀನಿ ಅಂತ ಇಳಿದೋನು ಹಳೇ ಗಾಳ ಸಿಕ್ತು ಅಂತ ಸೀದಾ ಕೆರೆಗೆ ಹೋದೆ" ಎಂದಳು.

"ಆ ವೆಂಡಲ್ ಬೇರೆ, ಈ ವೆಂಡಲ್ ಬೇರೆ."

"ಇಬ್ಬರಿಗೂ ಬೇಯಿಸಿ ಹಾಕ್ತಿರೋಳು ನಾನೊಬ್ಬಳೇ."

ಬದುಕಿನುದ್ದಕ್ಕೂ ಇನ್ಶೂರೆನ್ಸ್ ಕಂಪನಿಯಲ್ಲಿ ಕೂತು ಬೇರೆಯವರ ಮನೆಯ ಅನಾಹುತಗಳನ್ನು ಅಳೆದವನು ನಾನು. ಮಿನೆಸೋಟದ ಈ ಮೂಲೆಯಲ್ಲಿ ಯಾರ ಮನೆಯ ಪೈಪು ಯಾವ ಚಳಿಗಾಲದಲ್ಲಿ ಒಡೆಯುತ್ತದೆ ಎಂದು ಮೂಗಿನಿಂದಲೇ ಹೇಳಬಲ್ಲೆ. ಸ್ವಂತ ಮನೆಯ ವಿಷಯಕ್ಕೆ ಬಂದರೆ ಮಾತ್ರ ಆ ಮೂಗಿಗೆ ನೆಗಡಿ.

ನಿಜ ಹೇಳಬೇಕೆಂದರೆ ನನ್ನ ಸಂಕಲ್ಪದ ಹಿಂದೆ ಒಂದು ಹೋಟೆಲಿತ್ತು. ನಮ್ಮ ಎಲ್ಕ್ ಬೆಂಡಿನ ಮುಖ್ಯ ಬೀದಿಯಲ್ಲಿ, ಮೊದಲು ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಿದ್ದ ಜಾಗದಲ್ಲಿ ಅದು ತೆರೆದಿತ್ತು. ಹೆಸರು 'ಬೇಸ್‌ಮೆಂಟ್'. ಇರುವುದು ನೆಲದ ಮೇಲೆಯೇ. ಶಿಕಾಗೋದಿಂದ ಬಂದ ಗ್ರಿಫಿನ್ ಎಂಬ ಬಾಣಸಿಗ ನಮ್ಮ ಅಜ್ಜಿಯರ ಅಡುಗೆಗೆ ಮರುಹುಟ್ಟು ಕೊಡುತ್ತೇನೆಂದು ಹೊರಟಿದ್ದ. ಮುಂಗೈ ಮೇಲೆ ಕ್ಯಾರೆಟ್ಟಿನ ಹಚ್ಚೆ ಹಾಕಿಸಿಕೊಂಡವನು ಸುಳ್ಳು ಹೇಳುವನೇ? ಒಳಗೆ ಹೋದರೆ ಸಾಕ್ಷಾತ್ ಚರ್ಚಿನ ನೆಲಮಾಳಿಗೆ. ಅದೇ ಮಡಚುವ ತಗಡಿನ ಕುರ್ಚಿ, ಅದೇ ದೊಡ್ಡ ಕಾಫಿ ಹಂಡೆ. ಮಿಣುಕುವ ಟ್ಯೂಬ್‌ಲೈಟನ್ನಂತೂ ಹೇಳಿ ಮಾಡಿಸಿದ್ದನಂತೆ. ಭಾನುವಾರ ಭಾನುವಾರ ನಾವು ಪುಕ್ಕಟೆ ಕೂತು ಬೆನ್ನು ನೋಯಿಸಿಕೊಂಡ ಕುರ್ಚಿಯ ಮೇಲೆ ಈಗ ಮುಂಗಡ ಬುಕ್ ಮಾಡಿ ಕೂತು ಬೆನ್ನು ನೋಯಿಸಿಕೊಳ್ಳಬೇಕು. ಇದಕ್ಕೆ ಸಂಸ್ಕೃತಿ ಎಂದು ಹೆಸರು!

ಆ ಹೋಟೆಲಿನ ಕಿಟಕಿಯಲ್ಲಿ ಒಂದು ಫಲಕ ನೇತಾಡುತ್ತಿತ್ತು. ನಿಮ್ಮ ಅಜ್ಜಿಯ ಕಾಲದ ಪಾತ್ರೆಗಳ ಪೆಟ್ಟಿಗೆಯೊಂದನ್ನು ತಂದುಕೊಡಿ, ನಾಲ್ಕು ಜನರ ಊಟ ನಮ್ಮ ಲೆಕ್ಕದಲ್ಲಿ. ಪುಕ್ಕಟೆ ಎಂಬ ಶಬ್ದ ಕಿವಿಗೆ ಬಿದ್ದರೆ ನಮ್ಮ ಕಡೆಯವರು ಶವಪೆಟ್ಟಿಗೆಯಿಂದಲೂ ಎದ್ದು ಕೂರುತ್ತಾರೆ. ನಾನು ನೆಲಮಾಳಿಗೆಗಿಳಿದು, ಅಮ್ಮ ಬಿಟ್ಟುಹೋದ ಪಾತ್ರೆಗಳ ಪೆಟ್ಟಿಗೆಯೊಂದನ್ನು ಹುಡುಕಿ, ಅದರಲ್ಲಿ ಜಾಗ ಉಳಿದಿದೆಯೆಂದು ಪಕ್ಕದ ಅಟ್ಟದ ಮೇಲಿದ್ದ ಇನ್ನೊಂದು ಪಾತ್ರೆಯನ್ನೂ ತುರುಕಿ, ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಗ್ರಿಫಿನ್ ಕಣ್ಣಲ್ಲಿ ನೀರು ತುಂಬಿಕೊಂಡ. ಅಷ್ಟಕ್ಕೇ ನಾನು ದಾನಶೂರನಾಗಿಬಿಟ್ಟೆ.

ನಾಲ್ಕು ಊಟದಲ್ಲಿ ಎರಡು ನಮ್ಮದು. ಉಳಿದೆರಡಕ್ಕೆ ಯಾರು? ಇಲ್ಲಿಯೇ ನನ್ನ ಚಾಣಾಕ್ಷತನ ಕೆಲಸ ಮಾಡಿದ್ದು. ಆರ್ಡಿಸ್ ಕ್ನೂಟ್ಸನ್ ಮತ್ತು ಅವರ ಗಂಡ ಹಾರ್ಲನ್!

ಆರ್ಡಿಸ್ ಎಂದರೆ ನಮ್ಮ ಲೂಥರನ್ ಚರ್ಚಿನ ಅಡುಗೆಮನೆಯ ಮಹಾರಾಣಿ. ಪಾದ್ರಿಗಳು ಬರುತ್ತಾರೆ, ಹೋಗುತ್ತಾರೆ. ಅಡುಗೆಮನೆಯ ಬೀಗದ ಕೈ ಮಾತ್ರ ಆರ್ಡಿಸರ ಕೊರಳಲ್ಲೇ. ಆ ಕೀಲಿ ಇಲ್ಲದೆ ನಮ್ಮ ಚರ್ಚಿನಲ್ಲಿ ಒಂದು ಮೊಟ್ಟೆ ಬೇಯುವುದಿಲ್ಲ. ಈಗ ಎಂಬತ್ತು ದಾಟಿ ಮಂಡಿ ಕೈಕೊಟ್ಟಿದ್ದರಿಂದ, ನವೆಂಬರಿನ ಸುಗ್ಗಿಯೂಟಕ್ಕೆ ಮೊದಲು ಅದನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾರೆಂದು ಊರೆಲ್ಲ ಸುದ್ದಿ. ಲವಾನ್ ಮದುವೆಯಾಗಿ ಬಂದಾಗಿನಿಂದ ಆ ಕೀಲಿಯ ಮೇಲೆ ಕಣ್ಣಿಟ್ಟವಳು. ನನ್ನ ಮೇಲೆ ಅಷ್ಟು ಆಸೆಯಿಂದ ಕಣ್ಣಿಟ್ಟದ್ದು ನನಗೆ ನೆನಪಿಲ್ಲ. ಅಡ್ಡಿಯೆಂದರೆ ಫಿಲಿಸ್ ಓಡೆಗಾರ್ಡ್ ಒಬ್ಬಳೇ. ಫಿಲಿಸಳ ಕೈ ಅಡುಗೆ ಲವಾನಳದಕ್ಕಿಂತ ಒಂದು ತೂಕ ಹೆಚ್ಚು. ಆದರೆ ಬಹಳ ವರ್ಷಗಳ ಹಿಂದೆ ಆರ್ಡಿಸರ ನೀಲಿ ಹೂವಿನ ಗಾಜಿನ ಪಾತ್ರೆ ಕಾಣೆಯಾಗಿತ್ತು. ಅದು ಹೋಗಿದ್ದು ಫಿಲಿಸಳ ಮನೆಗೇ ಎಂದು ಆರ್ಡಿಸ್ ನಂಬಿದ್ದರು. ಹಾಗೆಂದು ಬಾಯಿಬಿಟ್ಟು ಹೇಳಿದವರಲ್ಲ. ನಮ್ಮಲ್ಲಿ ಯಾರೂ ಏನೂ ಹೇಳುವುದಿಲ್ಲ. ಆರ್ಡಿಸ್ ಫಿಲಿಸಳ ಪಕ್ಕ ಬಿಟ್ಟು ಹೋದ ಹಾಗೆ, ಚರ್ಚಿನಲ್ಲಿ ಅಂಥವರ ಪಕ್ಕ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂರುತ್ತೇವೆ, ಅಷ್ಟೇ. ಅದರರ್ಥ ಹನ್ನೆರಡು ಸಂಪುಟ.

ಅಂತೂ ಶುಕ್ರವಾರ ಸಂಜೆ ನಾವು ನಾಲ್ವರೂ ಬೇಸ್‌ಮೆಂಟಿನಲ್ಲಿ ಕೂತೆವು. ಮೊದಲು ಹಸಿರು ಜೆಲ್ಲಿ ಬಂತು. ಒಳಗೆ ತುರಿದ ಕ್ಯಾರೆಟ್, ಮೇಲೊಂದು ಹೂವು, ಕೆಳಗೊಂದು ಕಪ್ಪು ಕಲ್ಲು. ಹಾರ್ಲನ್ ಕಲ್ಲನ್ನೂ ಚಮಚದಿಂದ ಒತ್ತಿ ನೋಡಿದರು. ಆಮೇಲೆ ಬಂದದ್ದು ಆ ರಾತ್ರಿಯ ರಾಜ, ಹಾಟ್‌ಡಿಶ್. ಕೆಳಗೆ ಕೊಚ್ಚಿದ ಮಾಂಸ, ನಡುವೆ ಅಣಬೆಯ ಸೂಪು, ಮೇಲೆ ಸಾಲಾಗಿ ಆಲೂಗಡ್ಡೆಯ ಪುಟ್ಟ ಉಂಡೆಗಳು, ಎಲ್ಲವನ್ನೂ ಓವನ್ನಿನಲ್ಲಿಟ್ಟು ಬೇಯಿಸಿ, ಪಾತ್ರೆ ಸಮೇತ ಮೇಜಿಗೆ ತಂದದ್ದು. ನಮ್ಮ ಮನೆಗಳಲ್ಲಿ ಸೂಪಿನ ಡಬ್ಬಿ ಕತ್ತರಿಸಿ ಸುರಿಯುತ್ತೇವೆ. ಗ್ರಿಫಿನ್ ಕಾಡಿನ ಅಣಬೆ ತಂದು ಮೂರು ದಿನ ಕುದಿಸುತ್ತಾನಂತೆ, ಡಬ್ಬಿಯ ರುಚಿಯೇ ಬರಬೇಕೆಂದು!

ನಾನು ತಮಾಷೆ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ಲವಾನಳ ಬೂಟು ಬಡಿಯಿತು. ಅವಳ ಮುಖ ನೋಡಿದೆ, ಸುಣ್ಣದಂತಾಗಿತ್ತು. ಸ್ವೆಟರ್ ಮರೆತೆ, ಕೋಟಿನ ಗೂಟದ ಹತ್ತಿರ ಬಾ ಎಂದು ಎಳೆದುಕೊಂಡು ಹೋದಳು. ಸ್ವೆಟರ್ ಅವಳ ಮೈಮೇಲೇ ಇತ್ತು.

"ಆ ಪಾತ್ರೆ ಎಲ್ಲಿಂದ ಬಂತು?"

"ಅಮ್ಮನ ಪೆಟ್ಟಿಗೆಯಿಂದ."

"ನೀಲಿ ಹೂವು, ಮೂಲೆ ಚಕ್ಕೆ ಹೋಗಿದೆ. ನಿಮ್ಮಮ್ಮನ ಹೆಸರು ಆರ್ಡಿಸಾ?"

ಅಟ್ಟದ ಮೇಲಿಂದ ತೆಗೆದು ತುರುಕಿದ್ದು ಅದೇ.

"ತಳ ನೋಡ್ಲಿಲ್ವೇನೋ?" ಎಂದಳು.

ನಮ್ಮಲ್ಲಿ ಪಾತ್ರೆಗೆ ಹೆಸರಿರುವುದು ತಳದಲ್ಲಿ, ಕಾಗದದ ಟೇಪಿನ ಮೇಲೆ. ಹತ್ತು ಮನೆಯ ಅಡುಗೆ ಒಂದೇ ಮೇಜಿಗೆ ಬಂದಾಗ ಯಾರದು ಯಾರಿಗೆ ಹೋಗಬೇಕೆಂದು ತಿಳಿಯಲು ಅದೇ ಗತಿ. ಮಕ್ಕಳಿಗೆ ನಾವು ಮೊದಲು ಕಲಿಸುವುದು ತಳ ನೋಡುವುದನ್ನು, ಆಮೇಲೆ ಓದುವುದನ್ನು. ನಾನು ಎರಡನ್ನೂ ಅರ್ಧಕ್ಕೆ ಬಿಟ್ಟವನು.

ನೆನಪಾಯಿತು. ಯಾವುದೋ ಕಾಲದಲ್ಲಿ ನನಗೆ ಹರ್ನಿಯಾ ಆಪರೇಷನ್ ಆದಾಗ ಆರ್ಡಿಸ್ ಆ ಪಾತ್ರೆಯ ತುಂಬ ಹಾಲಿನಲ್ಲಿ ಬೇಯಿಸಿದ ಆಲೂಗಡ್ಡೆ ಬಾಗಿಲಲ್ಲಿಟ್ಟು ಹೋಗಿದ್ದರು. ಊರಿಗೆಲ್ಲ ಹಂಚಿದ ಪಾತ್ರೆಗಳಲ್ಲಿ ಅದು ಎಲ್ಲಿಗೆ ಹೋಯಿತೆಂದು ಅವರಿಗೇ ಮರೆಯಿತು. ನಾನು ಆಲೂಗಡ್ಡೆ ಮುಗಿಸಿದೆ. ಪಾತ್ರೆ ಮುಗಿಯಲಿಲ್ಲ. ಯಾಕೆಂದರೆ ಖಾಲಿ ಪಾತ್ರೆ ವಾಪಸ್ ಕೊಡಬಾರದು, ಅದು ನಮ್ಮ ಹನ್ನೊಂದನೆಯ ದೈವಾಜ್ಞೆ. ಆರ್ಡಿಸರಿಗೆ ಏನು ತುಂಬಿ ಕೊಡುವುದು? ಆಲೂಗಡ್ಡೆ ಕೊಟ್ಟರೆ ಪೈಪೋಟಿ. ಕೇಕ್ ಕೊಟ್ಟರೆ ಹಾರ್ಲನ್‌ಗೆ ಸಕ್ಕರೆ ಕಾಯಿಲೆ. ಬಾಳೆಹಣ್ಣಿನ ಬ್ರೆಡ್ ಕೊಟ್ಟರೆ, ಏನೂ ತೋಚದವರು ಕೊಡುವುದು. ಯೋಚನೆಯಲ್ಲೇ ವರ್ಷ ಕಳೆಯಿತು. ತಡವಾದ ಮೇಲೆ ಅದಕ್ಕೆ ತಕ್ಕ ಹಾಗೆ ಇನ್ನೂ ದೊಡ್ಡದೇನಾದರೂ ತುಂಬಬೇಕಾಯಿತು. ಕೊನೆಗೆ ಒಂದು ಹಸುವನ್ನೇ ಬೇಯಿಸಿಟ್ಟರೂ ಸಾಲದೆನ್ನುವ ಸ್ಥಿತಿ ಬಂದಾಗ ಪಾತ್ರೆ ಅಟ್ಟ ಸೇರಿತು. ಆ ಹೊತ್ತಿಗೆ ಅಪವಾದ ಫಿಲಿಸಳ ಮನೆ ಸೇರಿತ್ತು. ಲವಾನ್ ಅದನ್ನು ತಿದ್ದಲಿಲ್ಲ. ನಮ್ಮಲ್ಲಿ ಯಾರೂ ಏನೂ ಹೇಳುವುದಿಲ್ಲವೆಂದೆನಲ್ಲ, ಅದರಲ್ಲಿ ಇಂಥ ಅನುಕೂಲಗಳೂ ಇವೆ.

"ಈಗೇನು ಮಾಡೋದು?" ಎಂದೆ.

"ಅದು ಖಾಲಿ ಆಗ್ಬಾರದು. ನೀಲಿ ಹೂವಿನ ಪಾತ್ರೆ ಊರಲ್ಲಿ ಮನೆಮನೇಲೂ ಇದೆ, ಚಕ್ಕೆ ಹೋದ ಮೂಲೆ ನಮ್ಮ ಕಡೆಗಿದೆ. ಖಾಲಿ ಆಗೋವರೆಗೂ ತಳ ಯಾರೂ ನೋಡಲ್ಲ."

ಯುದ್ಧತಂತ್ರ ಸಿದ್ಧವಾಯಿತು. ನಾನೂ ಲವಾನಳೂ ಒಂದೊಂದು ಉಂಡೆ ಹಾಕಿಕೊಂಡು ಹೊಟ್ಟೆ ತುಂಬಿತೆಂದು ತೇಗಿದೆವು. ಹಾರ್ಲನ್ ಮಾತ್ರ ಸೌದೆ ಒಲೆಯಂತೆ ಎಲ್ಲವನ್ನೂ ಒಳಗೆಳೆದುಕೊಳ್ಳುತ್ತಿದ್ದರು. ನೋಡುನೋಡುತ್ತ ಒಂದೇ ತುತ್ತು ಉಳಿಯಿತು. ಆಗ ನಮ್ಮನ್ನು ಕಾಪಾಡಿದ್ದು ನಮ್ಮ ಮರ್ಯಾದೆ! ಮಿನೆಸೋಟದಲ್ಲಿ ಹುಟ್ಟಿದ ಯಾವ ಜೀವಿಯೂ ಕೊನೆಯ ತುತ್ತು ಎತ್ತಿಕೊಳ್ಳುವುದಿಲ್ಲ. ಹಾರ್ಲನ್ ಅದರಲ್ಲಿ ಅರ್ಧ ಕತ್ತರಿಸಿಕೊಂಡರು. ಆರ್ಡಿಸ್ ಉಳಿದರ್ಧದಲ್ಲಿ ಅರ್ಧ. ನೀವು ತಗೊಳ್ಳಿ, ಇಲ್ಲ ನೀವು ತಗೊಳ್ಳಿ ಎಂದು ನಾಲ್ವರೂ ಮೂರು ಸುತ್ತು ಉಪಚಾರ ಮಾಡಿದೆವು. ನಾನು ಚಾಕುವಿನ ತುದಿಯಿಂದ ಅರ್ಧದ ಅರ್ಧದ ಅರ್ಧ ತೆಗೆದೆ. ಪಾತ್ರೆ ತೆಗೆಯಲೇ ಎಂದು ಹುಡುಗಿ ಬಂದು ಕೇಳಿದಾಗಲೆಲ್ಲ, ಊಟ ಇನ್ನೂ ನಡೆಯುತ್ತಿದೆ ಎಂದೆವು. ಪಾತ್ರೆಯಲ್ಲಿ ಕಡಲೆಕಾಳಿನಷ್ಟು ಆಲೂಗಡ್ಡೆ. ಬಾಗಿಲಲ್ಲಿ ಜಾಗಕ್ಕಾಗಿ ಕಾಯುತ್ತಿರುವ ಜನ.

ಕೊನೆಗೆ ಗ್ರಿಫಿನ್ನನೇ ಕೈ ಒರೆಸಿಕೊಳ್ಳುತ್ತ ಬಂದ. ಊಟ ಹೇಗಿತ್ತೆಂದು ಆರ್ಡಿಸರನ್ನು ಕೇಳಿದ.

"ಬೇರೆ ಥರ ಇದೆ" ಎಂದರು ಆರ್ಡಿಸ್.

ನಮ್ಮಲ್ಲಿ ಈ ಮಾತು ಕೇಳಿದ ಹೆಂಗಸರು ಮತ್ತೆ ಒಲೆ ಹಚ್ಚದೆ ಊರು ಬಿಟ್ಟದ್ದುಂಟು. ಶಿಕಾಗೋದವನಿಗೇನು ಗೊತ್ತು? ಹಿಗ್ಗಿ ಹೀರೇಕಾಯಿಯಾದ. ಹಾಗಿದ್ದರೆ ನಮ್ಮ ಹೋಟೆಲಿನ ಸಂಪ್ರದಾಯ ಆಗಲೇಬೇಕು ಎಂದವನೇ ಆ ಕಡಲೆಕಾಳನ್ನು ಹಾರ್ಲನ್‌ರ ತಟ್ಟೆಗೆ ಬಳಿದು, ಪಾತ್ರೆಯನ್ನು ತಲೆಯ ಮೇಲಕ್ಕೆತ್ತಿದ. ಇಲ್ಲಿನ ಪ್ರತಿ ಪಾತ್ರೆಯೂ ತೀರಿಕೊಂಡ ಒಬ್ಬ ಅಜ್ಜಿಯದಂತೆ. ಅವಳ ಹೆಸರನ್ನು ಓದಿ, ಒಂದು ನಿಮಿಷ ಮೌನವಾಗಿ ನೆನೆಯಬೇಕಂತೆ.

"ಇವತ್ತು ನಿಮಗೆ ಬಡಿಸಿದ ಅಜ್ಜಿ," ಎಂದು ತಳ ನೋಡಿ ಗದ್ಗದಿತನಾಗಿ ಓದಿದ, "ದಿವಂಗತ ಆರ್ಡಿಸ್ ಕ್ನೂಟ್ಸನ್."

ಹೋಟೆಲಿಗೆ ಹೋಟೆಲೇ ತಲೆ ತಗ್ಗಿಸಿತು. ನನ್ನ ತಲೆ ಆಗಲೇ ತಗ್ಗಿತ್ತು. ಹಾರ್ಲನ್ ಅಷ್ಟರಲ್ಲಿ ಕಡಲೆಕಾಳನ್ನು ಬಾಯಿಗೆ ಹಾಕಿಕೊಂಡರು.

"ಅಯ್ಯೋ ಪಾಪ," ಎಂದರು ಆರ್ಡಿಸ್, ಕಾಫಿ ಗುಟುಕರಿಸಿ. "ಯಾವಾಗ ಹೋದಳಂತೆ?"

"ಅದು ತಿಳಿಯದು ಅಮ್ಮಾ. ಆದರೆ ಅವರ ಮೊಮ್ಮಗ ತುಂಬಾ ಪ್ರೀತಿಯಿಂದ ಕೊಟ್ಟರು" ಎಂದು ಗ್ರಿಫಿನ್ ನನ್ನ ಹೆಗಲ ಮೇಲೆ ಕೈಯಿಟ್ಟ. "ಇವರೇ."

ಆರ್ಡಿಸ್ ನನ್ನನ್ನು ನೆತ್ತಿಯಿಂದ ಪಾದದವರೆಗೆ ನೋಡಿದರು. ಆಮೇಲೆ ಲವಾನಳನ್ನು ನೋಡಿದರು. ಅವಳು ಕಪ್ಪು ಕಲ್ಲನ್ನು ಅಧ್ಯಯನ ಮಾಡುತ್ತಿದ್ದಳು.

"ಹಾಗೋ. ಮೊಮ್ಮಗ ಚೆನ್ನಾಗಿ ಬೆಳೆದಿದ್ದಾನೆ" ಎಂದರು.

ಪಾತ್ರೆಯನ್ನು ಅವನ ಕೈಯಿಂದ ತೆಗೆದುಕೊಂಡು, ಕರವಸ್ತ್ರದಿಂದ ಒರೆಸಿ, ಕಂಕುಳಲ್ಲಿಟ್ಟುಕೊಂಡು ಎದ್ದರು. ಅದು ನಮ್ಮ ಸಂಗ್ರಹದ್ದು ಎಂದು ಗ್ರಿಫಿನ್ ತೊದಲಿದ. "ಸತ್ತವರ ಜೊತೆ ವಾದ ಮಾಡಬಾರದು ಕಣಪ್ಪ" ಎಂದು ಅವನ ಮುಂಗೈಯ ಕ್ಯಾರೆಟ್ ತಟ್ಟಿದರು.

ನಮ್ಮ ಊರಿನಲ್ಲಿ ಬೀಳ್ಕೊಡುವುದೆಂದರೆ ಮೇಜಿನ ಹತ್ತಿರ ಅರ್ಧ ಗಂಟೆ, ಬಾಗಿಲಲ್ಲಿ ಅರ್ಧ ಗಂಟೆ, ಕಾರಿನ ಕಿಟಕಿಗೆ ಆತುಕೊಂಡು ಇನ್ನರ್ಧ ಗಂಟೆ. ಆರ್ಡಿಸ್ ಆ ದಿನ ಕಾರಿನ ಬಾಗಿಲು ತೆರೆದು, "ಇಷ್ಟು ವರ್ಷ ಇಟ್ಕೊಂಡ್ರೂ ಖಾಲಿ ಕೊಡ್ಲಿಲ್ಲ ಲವಾನ್, ಊಟ ಹಾಕಿಸೇ ಕೊಟ್ಟೆ" ಎಂದರು. "ಬರ್ತೀನಿ" ಎಂದರು. ಹೊರಟುಬಿಟ್ಟರು! ಇದಕ್ಕಿಂತ ದೊಡ್ಡ ಬೈಗುಳ ನಮ್ಮ ಸುತ್ತಿನ ನಾಲ್ಕೂ ಜಿಲ್ಲೆಗಳಲ್ಲಿ ಇಲ್ಲ.

ಭಾನುವಾರ ಚರ್ಚಿನಲ್ಲಿ ಆರ್ಡಿಸ್ ತಮ್ಮ ಹಳೆಯ ಬೆಂಚಿಗೆ, ಫಿಲಿಸಳ ಪಕ್ಕಕ್ಕೆ ವಾಪಸ್ ಬಂದು ಕೂತರು. ಕ್ಷಮಿಸು ಎಂದು ಹೇಳಿದರೇ? ಛೆ, ನಾವೇನು ಅಷ್ಟು ಸಂಸ್ಕಾರ ಇಲ್ಲದವರೇ? ನೀಲಿ ಹೂವಿನ ಪಾತ್ರೆಯನ್ನು ಫಿಲಿಸಳ ಮಡಿಲಿಗೆ ಸರಿಸಿದರು. ಫಿಲಿಸ್ ಮೇಲಿನ ಹಾಳೆ ಬಿಚ್ಚಿದಳು. ಒಳಗೆ ದಾಲ್ಚಿನ್ನಿಯ ಕೇಕು, ಕೇಕಿನ ಮೇಲೆ ಬೀಗದ ಕೈ.

ಲವಾನ್ ಪ್ರಾರ್ಥನಾ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡಳು. ತಲೆಕೆಳಗಾಗಿ ಹಿಡಿದಿದ್ದಾಳೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಅತ್ತ ಗ್ರಿಫಿನ್ ಮಾತ್ರ ಕುಗ್ಗಲಿಲ್ಲ. ಆ ವಾರವೇ ಬೇಸ್‌ಮೆಂಟಿನ ಪಟ್ಟಿಯಲ್ಲಿ 'ಆರ್ಡಿಸಜ್ಜಿಯ ಪುನರುತ್ಥಾನ ಹಾಟ್‌ಡಿಶ್' ಕಾಣಿಸಿಕೊಂಡಿತು. ಅದನ್ನು ತಿನ್ನಲು ಜನ ಶಿಕಾಗೋದಿಂದ ಕಾರು ಮಾಡಿಕೊಂಡು ಬರುತ್ತಿದ್ದಾರಂತೆ.

ಸುಗ್ಗಿಯೂಟಕ್ಕೆ ಲವಾನಳ ಪಾಲಿಗೆ ಬಂದದ್ದು ಆಲೂಗಡ್ಡೆ ಸುಲಿಯುವುದು, ಫಿಲಿಸ್ ಹೇಳಿದಷ್ಟು ದಪ್ಪಕ್ಕೆ ಹೆಚ್ಚುವುದು. ನನಗೆ ಪಾತ್ರೆ ತೊಳೆಯುವುದು. ಹಿಂದಿನ ಸಂಜೆ ಅವಳು ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಮಗುಚಿ, ತಳಕ್ಕೆ ಟೇಪು ಹಚ್ಚಿ, ಹೆಸರು ಬರೆಯುತ್ತಿದ್ದಳು. ಒಂದು ವಾರದಿಂದ ನನ್ನ ಜೊತೆ ಮಾತಿಲ್ಲ. ನಗಿಸಿದರೆ ಕರಗಬಹುದೆಂದು ಹತ್ತಿರ ಹೋಗಿ ಬೋಳು ತಲೆ ಬಗ್ಗಿಸಿದೆ.

"ನನಗೂ ಒಂದು ಟೇಪು ಹಚ್ಚು ಲವಾನ್. ಎಲ್ಲಾದರೂ ಕಳೆದುಹೋದರೆ ಯಾರಾದರೂ ತಂದುಕೊಡ್ತಾರೆ."

ಲವಾನ್ ನನ್ನ ತಲೆಯನ್ನು ಒಮ್ಮೆ ಬೆರಳಿನಿಂದ ತಟ್ಟಿ, ಶಬ್ದ ಕೇಳಿಸಿಕೊಂಡಳು.

"ಬೇಡ ಕಣೋ" ಎಂದಳು. "ಖಾಲಿ ವಾಪಸ್ ಕೊಡೋ ಹಾಗಿಲ್ಲ. ಪಾಪ, ಸಿಕ್ಕಿದೋರು ಇದಕ್ಕೆ ಏನು ಅಂತ ತುಂಬ್ತಾರೆ?"