ಸಕ್ರಿ ನಮ್ದು ಅಂದ ಮಾರುತೇಶ

ಹಂಪಿಯ ಗೈಡುಗಳಿಗೆ ಒಂದು ಚಟ. ಜಗತ್ತಿನಲ್ಲಿ ಇರೋದೆಲ್ಲ ಮೊದಲು ಇಲ್ಲೇ ಹುಟ್ಟಿದ್ದು ಅಂದುಬಿಡೋದು. ಮಾರುತೇಶನಿಗಂತೂ ಆ ಚಟ ತಲೆಗೇರಿತ್ತು.

ಅವತ್ತೊಂದಿನ ತಡಕೊಂಡಿದ್ದರೆ ಆಗುತ್ತಿತ್ತು, ಪುಣ್ಯಾತ್ಮ. ಹೊಸಪೇಟೆಯ ಟೂರ್ ಕಂಪನಿಯ ಮ್ಯಾನೇಜರ್ ಮಾಧವಿ ಇಡೀ ಸೀಸನ್ನಿಗೆ ಒಬ್ಬ ಗೈಡ್ ಬೇಕೆಂದು ಇವನನ್ನೂ ಇನ್ನೊಬ್ಬ ಗೈಡ್ ಲಿಂಗರಾಜನನ್ನೂ ನಾಲ್ವರು ವಿದೇಶಿ ಪ್ರವಾಸಿಗರ ಜೊತೆ ಒಂದೇ ವ್ಯಾನಿಗೆ ಹತ್ತಿಸಿದ್ದಳು. ಬೆಳಿಗ್ಗೆ ಇವನ ಪಾಳಿ, ಮಧ್ಯಾಹ್ನ ಅವನದು, ಸಂಜೆಗೆ ತೀರ್ಮಾನ. ಆರು ತಿಂಗಳ ಗಟ್ಟಿ ಕೆಲಸ! ಮಾರುತೇಶ ಹನುಮಪ್ಪನಿಗೆ ಕಾಯಿ ಹರಕೆ ಹೊತ್ತೇ ಬಂದಿದ್ದ.

ಕಡಲೆಕಾಳು ಗಣಪನ ಹತ್ತಿರ ಚಹಾ ಬಂತು. ಜರ್ಮನಿಯ ಅಜ್ಜ ಒಂದು ಗುಟುಕು ಕುಡಿದು, ಸಕ್ಕರೆ ಸಾಲದೆ "ತ್ಸುಕರ್?" ಅಂದ.

"ಅದು ನಮ್ಮ ಮಾತು ಸರ್!" ಮಾರುತೇಶ ಜಿಗಿದೆದ್ದ. "ನಮ್ಮ ಶರ್ಕರಾ. ಮೊದಲು ಅದರ ಅರ್ಥ ಹರಳು, ಮರಳು ಅಂತ. ಅದು ಪರ್ಷಿಯಾಕ್ಕೆ ಹೋಗಿ ಶಕರ್ ಆಯ್ತು, ಅರಬರಲ್ಲಿ ಸುಕ್ಕರ್ ಆಯ್ತು, ಆಮೇಲೆ ನಿಮ್ಮೂರು!"

"ಸುಕ್ರ್!" ಫ್ರಾನ್ಸಿನ ಹೆಂಗಸು ಕಣ್ಣರಳಿಸಿದಳು. "ಜುಕ್ಕೆರೊ!" ಇಟಲಿಯವಳು. "ಅಸೂಕಾರ್!" ಸ್ಪೇನಿನವನು. ಮಾಧವಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಅಲ್ಲಿಗೆ ಸಾಕಿತ್ತಪ್ಪ! ಆದರೆ ಹೊಗಳಿಸಿಕೊಂಡ ಬಾಯಿ ನಿಲ್ಲುತ್ತದೆಯೇ? "ಶುಂಠಿಗೆ ಅಂತೀರಲ್ಲ, ಆ ಜಿಂಜರ್ ನಮ್ದು, ಆರೆಂಜ್ ನಮ್ದು, ಟೊಮ್ಯಾಟೊನೂ ನಮ್ದೇ!"

ಸ್ಪೇನಿನವನು ಕಪ್ಪು ಕೆಳಗಿಟ್ಟ. "ಟೊಮ್ಯಾಟೊ ಮೆಕ್ಸಿಕೋದ್ದು. ಯುರೋಪಿಗೆ ತಂದವರು ನಾವು. ಹಾಗಾದರೆ ನಿನ್ನ ಸಕ್ಕರೆ ಕತೆಯೂ ಬುರುಡೆಯೇ!"

ಮಾರುತೇಶನ ಮುಖ ಹುಳ್ಳಗಾಯಿತು. ಲಿಂಗರಾಜ ಒಳಗೊಳಗೇ ನಕ್ಕು ಅವನ ಕಿವಿಯಲ್ಲಿ ಊದಿದ: "ಕಂಪ್ಲಿ ಕಡೆ ಓಬಳಪ್ಪನ ಕಬ್ಬಿನ ಗಾಣಕ್ಕ ಕರ್ಕೊಂಡ್ ಹೋಗಲೇ. ಕಣ್ಣಾರೆ ನೋಡಿದ್ರ ನಂಬ್ತಾರ."

ಗುಡಿಗಳನ್ನೆಲ್ಲ ಬಿಟ್ಟು ವ್ಯಾನು ಕಂಪ್ಲಿ ಕಡೆ ತಿರುಗಿತು. ಗಾಣದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು.

"ಓಬಳಪ್ಪಣ್ಣ, ಇವ್ರಿಗೆ ಒಂಚೂರು ಸಕ್ರಿ ತೋರ್ಸು," ಅಂದ ಮಾರುತೇಶ.

"ಕಣ್ ಕಾಣಂಗಿಲ್ಲೇನಲೇ? ಇದು ಬೆಲ್ಲ! ಸಕ್ರಿ ಬೇಕಂದ್ರ ಕಿರಾಣಿ ಅಂಗಡಿಗೆ ನಡಿ!"

ಮಾರುತೇಶ ಮೆಲ್ಲಗೆ ವ್ಯಾನಿನ ಕಡೆ ಹೆಜ್ಜೆ ಹಾಕಿದ. ಆದರೆ ಓಬಳಪ್ಪನ ಬಾಯಲ್ಲಿ ಆ ಮಾತು ಕೇಳಿ ಫ್ರಾನ್ಸಿನವಳು ಚಪ್ಪಾಳೆ ತಟ್ಟಿದಳು. "ಸಕ್ರಿ! ಸುಕ್ರ್!" ಜರ್ಮನಿಯ ಅಜ್ಜ "ತ್ಸುಕರ್!" ಅಂದ. ಸ್ಪೇನಿನವನೂ ಸೋತು "ಅಸೂಕಾರ್!" ಅಂದು ಓಬಳಪ್ಪನನ್ನು ತಬ್ಬಿಕೊಂಡ.

"ಎಲಾ ಇವ್ರ! ನಮ್ಮ ಮಾತೇ ಆಡ್ತಾರಲ್ಲೋ!" ಓಬಳಪ್ಪ ಹಿಗ್ಗಿಹೋದ. ಗಾಣಕ್ಕೆ ಬಂದವರು ತಿನ್ನದೆ ಹೋಗುವಂತಿಲ್ಲ. ಎಲ್ಲರಿಗೂ ಕಬ್ಬಿನಹಾಲು, ಅಂಗೈಯಗಲ ಬಿಸಿಬೆಲ್ಲ. ಲಿಂಗರಾಜ ಆಸೆಬುರುಕ, ದೊಡ್ಡ ಉಂಡೆಯನ್ನೇ ಬಾಯಿಗಿಟ್ಟ. ಹಲ್ಲಿಗೆ ಹಲ್ಲು ಅಂಟಿ, ಮಧ್ಯಾಹ್ನದ ಅವನ ಪಾಳಿಯ ಮಾತೂ ಬಾಯಲ್ಲೇ ಅಂಟಿತು.

"ಶರ್ಕರಾ ಅಂದ್ರೆ ಮೂಲತಃ..." ಮಾರುತೇಶ ಶುರುಮಾಡಿದ.

"ಶ್ಶ್!" ಅಂದರು ನಾಲ್ವರೂ. ಅವರೂ ಓಬಳಪ್ಪನೂ ಕೈಸನ್ನೆಯಲ್ಲೇ ಎರಡು ತಾಸು ಹರಟಿದರು. ಮಾರುತೇಶ ನಾಲ್ಕು ಸಲ ಬಾಯಿ ಹಾಕಿದ, ನಾಲ್ಕು ಸಲವೂ ಬೈಸಿಕೊಂಡ.

ಸಂಜೆ ಮಾಧವಿ ಹತ್ತಿರ ಬಂದಳು. "ನಿಮ್ಮ ಮಾತು ಖರೇ ಆತು ನೋಡ್ರಿ. ಅವ್ರಿಗೆ ಭಾಳ ಖುಷಿ ಆಗೇತಿ."

ಮಾರುತೇಶನ ಎದೆ ಉಬ್ಬಿತು. "ಹಂಗಾದ್ರ ಸೀಸನ್ ಕೆಲಸ..."

"ಅದನ್ನ ಹೇಳಾಕ ಬಂದೆ. ಮಾತು ಎಲ್ಲಾರ್ದೂ ಒಂದ ಇದ್ಮ್ಯಾಲೆ ನಡುವ ಹೇಳಾಂವ ಯಾಕ ಅಂತಾರ್ರಿ ಅವ್ರು. ಸುಮ್ನ ಜೋಡಿ ಬರಾಂವ ಒಬ್ಬ ಸಾಕಂತ. ಮಧ್ಯಾಹ್ನದಿಂದ ಒಂದ್ ಮಾತೂ ಆಡದ ಆ ಸಜ್ಜನನ್ನ ಕೊಡ್ರಿ ಅಂದ್ರು."

ಇನ್ನೂ ಹಲ್ಲು ಬಿಡಿಸಲಾಗದ ಲಿಂಗರಾಜ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.