ವಕೀಲರ ಹೊಟ್ಟೆಗೆ ಹಂದಿಯ ಸಾಕ್ಷಿ

ಗಂಡ: ನಾನು ಬರಲ್ಲ. ತಪ್ಪು ನಂದಲ್ಲ ಅಂದ್ಮೇಲೆ ಶಿಕ್ಷೆ ನನಗ್ಯಾಕೆ?

ಹೆಂಡತಿ: ಬೆಳಿಗ್ಗೆ ನಡೆಯೋದು ಶಿಕ್ಷೆ ಅಲ್ಲ, ಔಷಧಿ. ಲಿವರಲ್ಲಿ ಕೊಬ್ಬು ತುಂಬಿದೆ ಅಂತ ಡಾಕ್ಟ್ರು ನಿನ್ನೆ ಸ್ಕ್ಯಾನ್ ತೋರಿಸಿ ಹೇಳ್ಲಿಲ್ವಾ?

ಗಂಡ: ಹೇಳಿದ್ರು. ಅದು ಯಾಕೆ ಬರುತ್ತೆ ಅಂತ ಕಂಡುಹಿಡಿದೋಳು ನೀನೇ ಅಲ್ವಾ?

ವಕೀಲರು ಕುರ್ಚಿಯೊಳಗೆ ಇನ್ನಷ್ಟು ಇಳಿದರು. ಹೆಂಡತಿ ಅವರ ಷೂ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಪಶು ಸಂಶೋಧನಾಲಯದಲ್ಲಿ ವಿಜ್ಞಾನಿ. ಹಂದಿಗಳ ಮೈಯಲ್ಲಿ ಕೊಬ್ಬು ಕೂಡುವುದಕ್ಕೂ ಕರಗುವುದಕ್ಕೂ ಕಾರಣವಾಗುವ ಜೀನುಗಳು ಎಲ್ಲೆಲ್ಲಿವೆ ಎಂದು ಗುರುತಿಸುವುದು ಅವಳ ಕೆಲಸ.

ಹೆಂಡತಿ: ನಾನು ಹುಡುಕ್ತಿರೋದು ಹಂದಿಗಳಲ್ಲಿ.

ಗಂಡ: ಒಂದೇ ಮೇವು ತಿಂದ್ರೂ ಒಂದು ಹಂದಿ ಊದುತ್ತೆ, ಇನ್ನೊಂದು ಸಣಕಲಾಗೇ ಇರುತ್ತೆ, ಎಲ್ಲ ಜೀನಿನ ಆಟ ಅಂತ ಊಟದ ಹೊತ್ತಲ್ಲಿ ನೀನೇ ಕೊರೆದಿದ್ದೆ.

ಹೆಂಡತಿ: ಎಲ್ಲ ಅಂದಿಲ್ಲ, ಸ್ವಲ್ಪ ಅಂದೆ. ಮಿಕ್ಕಿದ್ದು ತಿನ್ನೋದ್ರಲ್ಲಿದೆ. ಆ ಹಂದಿಗಳು ಪಾಪ, ಕೊಟ್ಟಷ್ಟು ತಿಂತವೆ. ಎದ್ದು ಹೋಗಿ ಫ್ರಿಜ್ ತಡಕಾಡಲ್ಲ.

ಗಂಡ: ಜೀನುಗಳ ನಕ್ಷೆ ಮಾಡಿದೀನಿ ಅಂತ ಬೀಗ್ತಿದ್ಯಲ್ಲ, ಅದನ್ನ ಡಾಕ್ಟ್ರಿಗೆ ತೋರಿಸಿ ನನ್ನ ಬಿಡಿಸು.

ಹೆಂಡತಿ: ನಕ್ಷೇಲಿ ಬೀದಿ ಸಿಕ್ಕಿದೆ, ಅಷ್ಟೆ. ಆ ಬೀದೀಲಿ ಯಾವ ಮನೆಯೋರ ಕಿತಾಪತಿ ಅಂತ ಇನ್ನೂ ಗೊತ್ತಿಲ್ಲ.

ಗಂಡ: ಇಷ್ಟು ವರ್ಷ ಹಂದಿ ಹಿಂದೆ ಸುತ್ತಿ ಬರೀ ಬೀದಿ ಸಿಕ್ತಾ? ನಮ್ಮ ಕೋರ್ಟಿನ ಜವಾನ ವಾಸಿ, ಸಮನ್ಸ್ ಹಿಡ್ಕೊಂಡು ಕುಂಟ್ಕೊಂಡಾದ್ರೂ ಸರಿಯಾದ ಮನೆ ಬಾಗಿಲು ಮುಟ್ತಾನೆ.

ಹೆಂಡತಿ: ನಿಮ್ಮ ಕೇಸುಗಳಿಗಿಂತ ಬೇಗ ಮುಗಿಯುತ್ತೆ ಬಿಡಿ. ಕಕ್ಷಿದಾರ ತೀರಿಕೊಂಡ್ರೂ ನಿಮ್ಮ ವಾಯಿದೆ ತೀರಲ್ಲ.

ಗಂಡ: (ದನಿ ಏರಿಸಿ) ಹಂದಿ ಜೀನು ನಮ್ಮ ವಂಶದಲ್ಲೇ ಇದೆ. ಅದಕ್ಕೇ ಈ ಕೊಬ್ಬು. ಮುಗೀತು.

ಒಳಕೋಣೆಯಿಂದ ವಕೀಲರ ತಾಯಿ ಕನ್ನಡಕ ಏರಿಸಿಕೊಳ್ಳುತ್ತ ಬಂದರು.

ಅತ್ತೆ: ಹಂದಿ ಜೇನಾ? ಹಂದಿಗೆಲ್ಲಿಂದ ಬಂತು ಜೇನು?

ಹೆಂಡತಿ: ಜೇನಲ್ಲ ಅತ್ತೆ, ಜೀನು. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುತ್ತಲ್ಲ, ಅದು.

ಅತ್ತೆ: ಓಹೋ. ಅಂದ್ರೆ ನಾನೂ ನಿನ್ನ ಮಾವನೂ ಹಂದಿಗಳು. ಕೊಬ್ಬು ಯಾರಿಗಮ್ಮ, ನಮಗಾ ನಿನಗಾ?

ಹೆಂಡತಿ: ನಾನೆಲ್ಲಿ ಅಂದೆ? ವಾದ ಹೂಡಿರೋರು ನಿಮ್ಮ ಸುಪುತ್ರರು.

ಗಂಡ: ಅಮ್ಮ, ಬರೀ ಹೊಟ್ಟೆ ವಿಷಯ ಹೇಳಿದ್ದು. ನಮ್ಮ ಕಡೆ ಎಲ್ರಿಗೂ ಇತ್ತಲ್ವಾ?

ಅತ್ತೆ: ಯಾರಿಗಿತ್ತೋ? ನಿಮ್ಮಪ್ಪ ಪ್ಯಾಂಟು ನಿಲ್ಲಲ್ಲ ಅಂತ ಬೆಲ್ಟಿಗೆ ಒಳಗಡೆ ತೂತು ಕೊರೆಸ್ತಿದ್ರು. ನಿನ್ನ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತ್ರೂ ಗಾಳಿ ಬರ್ತಿತ್ತು. ನನ್ನ ತವರಿನೋರೆಲ್ಲ ಕಡ್ಡಿಗಳು. ಕಾನೂನು ಓದೋವಾಗ ನೀನೂ ಹಂಗೇ ಇದ್ದೆ. ಕೂತ ಜಾಗ ಬಿಡದೆ ಬೆಳೆಸ್ಕೊಂಡು, ಈಗ ಸತ್ತೋರ ತಲೆಗೆ ಕಟ್ತೀಯಾ?

ತಾಯಿ ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತರು.

ಗಂಡ: (ಮೆಲ್ಲಗೆ) ಸ್ಕ್ಯಾನ್ ನೋಡಿದಾಗಿಂದ ಎದೆ ಢವಢವ ಅಂತಿದೆ ಕಣೇ. ವಂಶದ್ದಾದ್ರೆ ನನ್ನ ಕೈಲೇನಿದೆ ಅಂತ ಸುಮ್ನಿರಬಹುದಿತ್ತು.

ಹೆಂಡತಿ ನಗಲಿಲ್ಲ. ಷೂ ಅವರ ಪಾದದ ಹತ್ತಿರ ಇಟ್ಟು ತಾನೂ ನೆಲದ ಮೇಲೆ ಕೂತಳು.

ಹೆಂಡತಿ: ನಿಮ್ಮ ಕೋರ್ಟಿನ ಮಾತಲ್ಲೇ ಹೇಳ್ತೀನಿ, ಕೇಳಿ. ಈ ಕೊಬ್ಬು ಪಿತ್ರಾರ್ಜಿತ ಅಲ್ಲ, ಸ್ವಯಾರ್ಜಿತ. ಕಳೆಯೋಕೆ ದಾಯಾದಿಗಳ ಒಪ್ಪಿಗೆ ಬೇಕಿಲ್ಲ. ಕಾಲು ನೀಡಿ.